ಸಿದ್ದಕ್ಕನ ಪಿತ್ತಕೋಶ ಕಾಣದೇ ಹೋದದ್ದು

ಚಳ್ಳಕೆರೆಯ ಮುರುಗೇಂದ್ರಪ್ಪನವರ ಶೇಂಗಾ ಮಂಡಿಯಲ್ಲಿ ಬಾಗಿಲಿನ ಎಡಕ್ಕೆ, ಬೆಳಕು ನೇರವಾಗಿ ಬೀಳುವ ಕಡೆ, ಮಡಿಸಿದ ಗೋಣಿಚೀಲವೊಂದು ಸದಾ ಬಿದ್ದಿರುತ್ತದೆ. ಅದು ಸಿದ್ದಕ್ಕನ ಜಾಗ. ಅವಳು ಬಾರದ ದಿನವೂ ಅಲ್ಲಿ ಬೇರೆಯವರು ಕೂರುವುದಿಲ್ಲ. ಎದುರಿಗೆ ಎರಡು ಮೊರ. ಒಂದು ಬಿತ್ತನೆಗೆ, ಇನ್ನೊಂದು ಎಣ್ಣೆಗೆ. ಸುಲಿದ ಕಾಳು ಅವಳ ಬೆರಳುಗಳ ನಡುವೆ ಒಂದು ಸುತ್ತು ಹೊರಳಿ ಈ ಮೊರಕ್ಕೋ ಆ ಮೊರಕ್ಕೋ ಬೀಳುತ್ತದೆ. ಮೂರನೆಯ ಮೊರ ಇಲ್ಲ.

ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಿಗೆ ಅವಳು ಹೇಳಿಕೊಡುವುದು ಹೆಚ್ಚೇನಿಲ್ಲ. "ಅನುಮಾನ ಬಂತಾ, ಎಣ್ಣೆಗೆ ಹಾಕು. ಯೋಚ್ನೆ ಮಾಡ್ಕೊಂತ ಕೂತ್ರೆ ಹೊತ್ತು ಹೋಗ್ತೈತೆ."

ಲೋಡು ಬಂದಾಗ ಅವಳ ಕೆಲಸ ಬೇರೆ. ರೈತರ ಚೀಲದೊಳಗೆ ಕೈಯಿಳಿಸಿ, ತಳದಿಂದ ನಾಲ್ಕು ಕಾಯಿ ತೆಗೆದು, ಹೆಬ್ಬೆರಳಿನಿಂದ ಒಡೆದು, ಕಾಳಿನ ಕೆಂಪು ಸಿಪ್ಪೆ ಉಜ್ಜಿ, ಮುಂದಿನ ಹಲ್ಲಿನಿಂದ ಕಡಿಯುತ್ತಾಳೆ. ಚೆನ್ನಾಗಿ ಒಣಗಿದ್ದು ಟಕ್ಕನೆ ಮುರಿಯುತ್ತದೆ. ಹಸಿ ಇದ್ದದ್ದು ಬಾಗುತ್ತದೆ. ತೇವದ ಮನೆಯಲ್ಲಿ ಇಟ್ಟದ್ದಾದರೆ ನಾಲಿಗೆಯ ಹಿಂಬದಿಯಲ್ಲಿ ಕಮಟು ಹತ್ತುತ್ತದೆ. ಇದಕ್ಕೆ ಮಂಡಿಯಲ್ಲಿ 'ಕಾಳು ನೋಡೋದು' ಎನ್ನುತ್ತಾರೆ. ಮುರುಗೇಂದ್ರಪ್ಪ ಯಂತ್ರ ತಂದಿದ್ದಾರೆ, ತೇವ ಎಷ್ಟೆಂದು ಅದು ತೋರಿಸುತ್ತದೆ. ಆದರೂ ಬಿತ್ತನೆಯ ಲೋಡು ಬಂದರೆ, "ಸಿದ್ದಕ್ಕ ನೋಡಿದ್ಳಾ?" ಎಂದೇ ಕೇಳುತ್ತಾರೆ.

ಪರಶುರಾಂಪುರದ ಪಕ್ಕದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವ ಈ ಹೆಂಗಸಿಗೆ ಐವತ್ತಾರು ವರ್ಷ. ಗಂಡ ಅಂಜಿನೇಯ ಒಂದಷ್ಟು ಕುರಿ ಸಾಕಿದ್ದಾನೆ. ಮಗ ಕುದಾಪುರದ ಕಡೆ ಒಂದು ಸಂಸ್ಥೆಯ ತೋಟದಲ್ಲಿ ಕೆಲಸಕ್ಕಿದ್ದಾನೆ. ಸೊಸೆ ಪ್ರೇಮಲತಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಆಸ್ಪತ್ರೆಯ ಮೆಟ್ಟಿಲು ಸಿದ್ದಕ್ಕನಿಗೆ ಹೊಸದೇನಲ್ಲ, ಆದರೆ ಅದುವರೆಗೆ ಹತ್ತಿದ್ದೆಲ್ಲ ಬೇರೆಯವರಿಗಾಗಿ.

ಕಳೆದ ಕಾರ್ತಿಕದಲ್ಲಿ, ಹೊಸ ಕಾಯಿ ಮಂಡಿಗೆ ಬರುತ್ತಿದ್ದ ದಿನಗಳಲ್ಲಿ, ಎದೆಗೂಡಿನ ಕೆಳಗೆ ಉರಿ ಹಿಡಿದುಕೊಂಡಿತು. ಹಗಲೆಲ್ಲ ವಾಂತಿ. ಕುಡಿದ ನೀರೂ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಪ್ರೇಮಲತಾ ಅತ್ತೆಯನ್ನು ಚಳ್ಳಕೆರೆಗೆ ಕರೆತಂದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಪಕ್ಕದ ಬೀದಿಯ ಸ್ಕ್ಯಾನಿಂಗ್ ಸೆಂಟರಿಗೆ ಕಳಿಸಿದರು. ವರದಿ ಹಿಡಿದು ಮತ್ತೆ ಅವರ ಮುಂದೆ ಕೂತಾಗ ಶುರುವಾಯಿತು ನೋಡಿ, ಅಲ್ಲಿಯವರೆಗೆ ಬರೀ ಹೊಟ್ಟೆಗೆ ಸಂಬಂಧಿಸಿದ್ದ ತಾಪತ್ರಯ ತಲೆಗೂ ಏರಿದ್ದು.

"ನೋವು ಆಸಿಡಿಟಿದು. ಮಾತ್ರೆ ಕೊಡ್ತೀನಿ, ಹೋಗುತ್ತೆ" ಎಂದರು ಡಾಕ್ಟರು. "ಆದ್ರೆ ಸ್ಕ್ಯಾನಿಂಗಲ್ಲಿ ಇನ್ನೊಂದು ಕಂಡಿದೆ. ಅದಕ್ಕೂ ನಿಮ್ಮ ನೋವಿಗೂ ಸಂಬಂಧ ಇಲ್ಲ."

ನೋವು ಕೊಟ್ಟದ್ದು ಕಾಣಲಿಲ್ಲ, ಕಂಡದ್ದು ನೋವು ಕೊಡಲಿಲ್ಲ. ಸಿದ್ದಕ್ಕ ಸೊಸೆಯ ಮುಖ ನೋಡಿದಳು. ಸೊಸೆ ಡಾಕ್ಟರ ಮುಖ ನೋಡುತ್ತಿದ್ದಳು.

"ಪಿತ್ತಕೋಶದ ಒಳಗೋಡೆಗೆ ಸಣ್ಣದೊಂದು ಪಾಲಿಪ್ ಅಂಟಿಕೊಂಡಿದೆ. ಏಳು ಮಿಲಿಮೀಟರ್."

"ಅಂದ್ರೆ ಎಷ್ಟಾಯ್ತು?"

"ಒಂದು ಶೇಂಗಾ ಕಾಳಿಗಿಂತ ಚಿಕ್ಕದು ಅಂದ್ಕೊಳ್ಳಿ."

"ಯಾವ ಕಾಳು? ದಪ್ಪಂದೋ, ಸಣ್ಣಂದೋ?"

ಡಾಕ್ಟರಿಗೆ ಈ ಪ್ರಶ್ನೆ ಹಿಂದೆ ಯಾರೂ ಕೇಳಿರಲಿಲ್ಲ. ಪೆನ್ನಿನ ತುದಿಯಿಂದ ಕಾಗದದ ಮೇಲೆ ಒಂದು ಚುಕ್ಕೆ ಬರೆದು, ಅದನ್ನು ಸ್ವಲ್ಪ ದಪ್ಪ ಮಾಡಿ ತೋರಿಸಿದರು.

"ಕಲ್ಲಾ ಸಾರ್?" ಎಂದಳು ಪ್ರೇಮಲತಾ.

"ಕಲ್ಲಲ್ಲ. ಕಲ್ಲಾಗಿದ್ರೆ ಇವ್ರು ಮಗ್ಗುಲಾದಾಗ ಒಳಗೆ ಉರುಳ್ತಿತ್ತು. ಇದು ಅಂಟಿದ ಜಾಗ ಬಿಟ್ಟು ಅಲ್ಲಾಡಿಲ್ಲ."

"ಹಂಗಾದ್ರೆ ಗಡ್ಡೆನಾ?" ಸಿದ್ದಕ್ಕನ ದನಿ ತಗ್ಗಿತು.

"ಇಂಥವು ಬಹಳಷ್ಟು ಬರೀ ಕೊಬ್ಬು ಸೇರ್ಕೊಂಡು ಆಗಿರೋದು. ಇದ್ದಲ್ಲೇ ಇರ್ತವೆ, ಏನೂ ಮಾಡಲ್ಲ. ಎಲ್ಲೋ ಒಂದು ಬೆಳೆದು ಕ್ಯಾನ್ಸರಿಗೆ ತಿರುಗಬಹುದು. ಹತ್ತು ಮಿಲಿಮೀಟರ್ ಮುಟ್ಟಿದ್ರೆ ಕಾಯಲ್ಲ, ಪಿತ್ತಕೋಶನೇ ತೆಗೆದುಬಿಡ್ತೀವಿ. ಆರಕ್ಕಿಂತ ಕಮ್ಮಿ ಇದ್ರೆ ಅಷ್ಟು ತಲೆ ಕೆಡಿಸ್ಕೊಳ್ಳಲ್ಲ. ನಿಮ್ಮದು ನಡುವೆ ಇದೆ."

"ನಡುವೆ ಇದ್ರೆ ತೆಗೆದುಬಿಡ್ರಿ ಸ್ವಾಮಿ."

ಡಾಕ್ಟರು ನಕ್ಕರು. "ಕೆಲವರು ಈ ಅಳತೆಗೇ ತೆಗೀಬೇಕು ಅಂತಾರೆ. ಕೆಲವರು ಕಾಯಬೇಕು ಅಂತಾರೆ. ನಿಮ್ಮದು ಸಣ್ಣ ತೊಟ್ಟಿನ ಮೇಲೆ ನಿಂತಿದೆ, ಗೋಡೆ ದಪ್ಪ ಆಗಿಲ್ಲ. ಆರು ತಿಂಗಳು ಬಿಟ್ಟು ಖಾಲಿ ಹೊಟ್ಟೇಲಿ ಇನ್ನೊಂದು ಸ್ಕ್ಯಾನಿಂಗ್ ಮಾಡಿಸಿ. ಬೆಳೆದಿದೆಯಾ, ಹಂಗೇ ಇದೆಯಾ, ನೋಡೋಣ."

ಸಿದ್ದಕ್ಕನಿಗೆ ತಡೆಯಲಾಗದೇ ಹೋದದ್ದು ಆ ಕೊನೆಯ ಮಾತು. ಅವಳ ಅಕ್ಕ ಕಾಟಮ್ಮನನ್ನು ಮೊಳಕಾಲ್ಮುರು ಕಡೆ ಕೊಟ್ಟಿದ್ದರು. ಆಕೆಗೆ ಹೊಟ್ಟೆಯಲ್ಲಿ ಏನೋ ಒತ್ತಿದಂತೆ ಆಗುತ್ತಿತ್ತು. ಗಂಡ ನೋಡೋಣ ಅಂದ. ಊರಲ್ಲಿ ಇಂಜೆಕ್ಷನ್ ಕೊಡುವವನು ನೋಡೋಣ ಅಂದ. ಬೆಳೆ ಕೈಗೆ ಬರಲಿ ನೋಡೋಣ ಎಂದು ಕಾಟಮ್ಮನೇ ಅಂದಳು. ಕೊನೆಗೆ ಬಳ್ಳಾರಿಯಲ್ಲಿ ಹೊಟ್ಟೆ ಕೊಯ್ದ ಡಾಕ್ಟರು ಎಲ್ಲ ಕಡೆ ಹಬ್ಬಿದೆ ಎಂದು ಹಾಗೇ ಹೊಲಿದು ಕಳಿಸಿದರು. ಸಿದ್ದಕ್ಕನಿಗೆ ಈಗ ಬೇಕಾಗಿದ್ದದ್ದು ಎರಡರಲ್ಲಿ ಒಂದು: ತೆಗೆದುಬಿಡಬೇಕು, ಇಲ್ಲವೇ ಏನೂ ಇಲ್ಲ ಎಂದು ಬರೆದುಕೊಡಬೇಕು. ಅಕ್ಕನ ದಾರಿಯಲ್ಲೇ ತಾನೂ ಹೊರಟಿದ್ದೇನೋ ಇಲ್ಲವೋ ಎಂದು ತಿಳಿಯದೆ ಆರು ತಿಂಗಳು ಮೊರದ ಮುಂದೆ ಕೂರುವುದು ಹೇಗೆ?

ಮನೆಯಲ್ಲಿ ಅಂಜಿನೇಯ ಎಲ್ಲ ಕೇಳಿಸಿಕೊಂಡ.

"ಪಿತ್ತದ ಚೀಲನಾ? ಕುರಿ ಕೊಯ್ದಾಗ ನಾವು ಮೊದ್ಲು ಕಿತ್ತು ಬಿಸಾಕೋದೇ ಅದನ್ನ. ಒಡೆದ್ರೆ ಮಾಂಸ ಎಲ್ಲ ಕಹಿ. ಇವ್ರು ನೋಡಿದ್ರೆ ಜೋಪಾನ ಮಾಡ್ಕೊ ಅಂತಾರಲ್ಲ!"

"ನಾನೇನು ಕುರಿನಾ?"

"ಕುರಿ ಆಗಿದ್ರೆ ಒಳಗೇನೈತೆ ಅಂತ ಇಷ್ಟೊತ್ತಿಗೆ ಗೊತ್ತಾಗಿರ್ತಿತ್ತು ಬಿಡು."

ನಗಬೇಕೋ ಬೈಯಬೇಕೋ ತಿಳಿಯದೆ ಸಿದ್ದಕ್ಕ ಎದ್ದು ಒಳಗೆ ಹೋದಳು.

ಪ್ರೇಮಲತಾ ಫೋನಿನಲ್ಲಿ ಹುಡುಕಿದಳು. ಒಬ್ಬ ಡಾಕ್ಟರು ತಡಮಾಡದೆ ಆಪರೇಷನ್ ಮಾಡಿಸಿ ಎಂದರು. ಇನ್ನೊಬ್ಬರು ಸುಮ್ಮನೆ ಹೆದರಬೇಡಿ ಎಂದರು. ಮೂರನೆಯವರು ಡಾಕ್ಟರೋ ಅಲ್ಲವೋ ತಿಳಿಯಲಿಲ್ಲ, ನಿಂಬೆಹಣ್ಣಿನ ರಸ ಕುಡಿದರೆ ಜಾರಿ ಬೀಳುತ್ತದೆ ಎಂದರು. ಸಿದ್ದಕ್ಕ ಮೂವರನ್ನೂ ಕೊನೆಯವರೆಗೆ ಕೇಳಿದಳು.

"ಅಷ್ಟು ಜನ ಆ ಫೋನಿನಾಗೇ ಅದಾರಲ್ಲ, ಒಬ್ರಿಗೊಬ್ರು ಮಾತಾಡ್ಕೊಂಡು ಒಂದೇ ಹೇಳೋಕಾಗಲ್ವೇನೇ?"

ಸುದ್ದಿ ತಿಳಿದು ಯರ್ರಪ್ಪ ತಾನಾಗಿಯೇ ಬಂದ. ಮೊಳಕಾಲ್ಮುರು ಕಡೆಯ ಈತ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವನು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವುದು ಅವನ ರೂಢಿ.

"ಪಿತ್ತ ಅಂದ ಮೇಲೆ ಕಾಮಾಲೆ ಇದ್ದಂಗೇ ಅಕ್ಕಾ. ನನ್ನ ಸೊಪ್ಪು ಕುಡಿ, ಕರಗ್ತೈತೆ. ಏನೂ ಆಗಲ್ಲ, ಏಮೀ ಕಾದು."

"ಡಾಕ್ಟ್ರು ಕೊಬ್ಬು ಅಂದ್ರು."

"ಕೊಬ್ಬು ಕರಗೋದಿಲ್ವಾ ಮತ್ತೆ? ತುಪ್ಪ ಕರಗಲ್ವಾ?"

ಮಜ್ಜಿಗೆಯಲ್ಲಿ ಕದಡಿದ ಆ ಹಸಿರು ರಸವನ್ನು ಸಿದ್ದಕ್ಕ ಕೆಲವು ದಿನ ಕುಡಿದಳು. ನಂಬಿದಳು ಎನ್ನುವಂತಿಲ್ಲ. ನೋಡೋಣ ಎನ್ನುವುದಕ್ಕಿಂತ ಏನಾದರೂ ಮಾಡಿದಂತಾಯಿತು, ಅಷ್ಟೆ.

ಬೇಸಿಗೆ ಬಂತು. ಬಿತ್ತನೆ ಬೀಜಕ್ಕೆ ಬೇಡಿಕೆ ಏರಿತು. ಮೊಳಕಾಲ್ಮುರು ಸುತ್ತಿನ ಹಳ್ಳಿಗಳಲ್ಲಿ ಕಾಯಿ ಇಟ್ಟುಕೊಂಡಿದ್ದ ಮನೆಗಳಿಗೆ ಮುರುಗೇಂದ್ರಪ್ಪ ಸಿದ್ದಕ್ಕನನ್ನು ತಮ್ಮ ಗಾಡಿಯಲ್ಲಿ ಕಳಿಸತೊಡಗಿದರು. ಡಾಕ್ಟರು ಹೇಳಿದ ಗಡುವೂ ಆಗ ಮುಗಿದಿತ್ತು. ಮೊಳಕಾಲ್ಮುರಿನಲ್ಲೂ ಒಂದು ಸ್ಕ್ಯಾನಿಂಗ್ ಸೆಂಟರ್ ಇದೆ, ಹೇಗೂ ಆ ಕಡೆ ಹೋಗುತ್ತೇನೆ, ಒಂದೇ ಓಡಾಟದಲ್ಲಿ ಎರಡೂ ಮುಗಿಯಲಿ ಎಂದು ಅವಳು ಲೆಕ್ಕ ಹಾಕಿದಳು. ಹಿಂದಿನ ಸಂಜೆ ಬೇಗ ಮುದ್ದೆ ಉಂಡಳು. ಬೆಳಿಗ್ಗೆ ಟೀ ಸಹ ಮುಟ್ಟಲಿಲ್ಲ. ಮೂರು ಮನೆಗಳ ಕಾಳು ನೋಡಿ, ಒಂದನ್ನು ಬೇಡವೆಂದು, ಎರಡನ್ನು ಬಿತ್ತನೆಗೆ ಆಗಬಹುದೆಂದು ಹೇಳಿ, ಬಿಸಿಲೇರುವ ಹೊತ್ತಿಗೆ ಮೊಳಕಾಲ್ಮುರು ಮುಟ್ಟಿದಳು. ಪ್ರೇಮಲತಾ ಬಸ್ಸಿನಲ್ಲಿ ನೇರವಾಗಿ ಅಲ್ಲಿಗೇ ಬಂದಿದ್ದಳು.

"ಏನಾದ್ರೂ ತಿಂದಿದ್ದೀರಾ?" ಎಂದು ಅಲ್ಲಿದ್ದ ಎಳೆ ವಯಸ್ಸಿನ ಡಾಕ್ಟರು ಕೇಳಿದರು.

"ರಾತ್ರಿಯಿಂದ ನೀರು ಬಿಟ್ರೆ ಏನಿಲ್ಲಪ್ಪ."

ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ, ಉಸಿರು ಹಿಡಿಯಿರಿ, ಬಿಡಿ, ಎಡಕ್ಕೆ ತಿರುಗಿ ಎಂದು ಅವರು ಬಹಳ ಹೊತ್ತು ಹುಡುಕಿದರು. ಸಿದ್ದಕ್ಕ ಅವರ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು, ಗಂಟಾಯಿತು.

"ಪಾಲಿಪ್ ಕಾಣ್ತಿಲ್ಲ" ಎಂದರು ಕೊನೆಗೆ.

ಸಿದ್ದಕ್ಕ ಅರ್ಧ ಎದ್ದು ಕೂತಳು.

"ತಡೀರಿ. ಪಿತ್ತಕೋಶನೇ ಸರಿಯಾಗಿ ಕಾಣ್ತಿಲ್ಲ. ಮುದುಡಿಕೊಂಡಿದೆ. ಇನ್ನೊಂದು ದಿನ ಖಾಲಿ ಹೊಟ್ಟೇಲಿ ಬಂದು ಮಾಡಿಸಿ, ಇಲ್ಲಾಂದ್ರೆ ನಿಮ್ಮ ಡಾಕ್ಟರಿಗೇ ತೋರಿಸಿ."

ಇದಕ್ಕಿಂತ ಖಾಲಿ ಹೊಟ್ಟೆ ಎಂದರೆ ಹೇಗಿರುತ್ತದೆ ಎಂದು ಸಿದ್ದಕ್ಕನಿಗೆ ಅರ್ಥವಾಗಲಿಲ್ಲ. ದಾರಿಯುದ್ದಕ್ಕೂ ಅತ್ತೆ ಸೊಸೆ ಅದೇ ಮಾತಾಡಿಕೊಂಡು ಬಂದರು. ಹೋಗಿದೆ ಎಂದಂತೆಯೂ ಇತ್ತು, ಹೋಗಿಲ್ಲ ಎಂದಂತೆಯೂ ಇತ್ತು.

ಊರಿಗೆ ಮಾತ್ರ ಅನುಮಾನ ಇರಲಿಲ್ಲ. ಯರ್ರಪ್ಪ ಕಟ್ಟೆಯ ಮೇಲೆ ಕೂತು, "ಕರಗಿಪೋಯಿಂದಿ" ಎಂದು ಸಾರಿದ. ಅವನ ಸೊಪ್ಪಿಗೆ ಇನ್ನೂ ಇಬ್ಬರು ಗಿರಾಕಿಗಳು ಹುಟ್ಟಿಕೊಂಡರು.

"ಗಂಟು ಕರಗ್ತು, ಒಪ್ಪಿದೆ" ಎಂದ ಅಂಜಿನೇಯ. "ಚೀಲ ಎಲ್ಲಿ ಹೋಯ್ತಲೇ ಯರ್ರಪ್ಪ? ನಿನ್ನ ಸೊಪ್ಪು ಅದನ್ನೂ ನುಂಗ್ತಾ?"

ಯರ್ರಪ್ಪ ಎಲೆಯಡಿಕೆ ಉಗಿಯಲು ಎದ್ದು ಹೋದ.

ಪಕ್ಕದ ಮನೆಯ ಶಾರದಮ್ಮ ಇನ್ನೊಂದು ದಾರಿ ಹಿಡಿದಳು. "ಸಿದ್ದಕ್ಕಾ, ಆ ಕಾಲದಾಗೆ ಮಕ್ಕಳಾಗದ ಆಪರೇಷನ್ ಕ್ಯಾಂಪಿಗೆ ಇಬ್ರೂ ಒಟ್ಟಿಗೆ ಹೋಗಿದ್ವಲ್ಲ. ಸಾಲಾಗಿ ಮಲಗಿಸಿ ಹೊಟ್ಟೆಗೆ ತೂತು ಹಾಕಿದ್ರಲ್ಲ. ಅವಸರದಾಗೆ ಅದನ್ನೂ ತೆಗೆದಿದ್ರೆ?"

"ಅವತ್ತೇ ತೆಗೆದಿದ್ರೆ ಕಾರ್ತಿಕದಾಗೆ ಕಂಡಿದ್ದು ಯಾರದೇ?"

ಶಾರದಮ್ಮ ಯೋಚಿಸಿದಳು. ಹೊರಟವಳು ತನ್ನ ಹೊಟ್ಟೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡಳು.

ಎಲ್ಲರೂ ಸಿಹಿ ಮಾಡು ಎನ್ನುವವರೇ. ಸಿದ್ದಕ್ಕ ಮಾಡಲಿಲ್ಲ. ಕಾಟಮ್ಮನಿಗೂ ಯಾರೋ ಒಬ್ಬರು ನಡುವೆ ಒಮ್ಮೆ, ಏನೂ ಇಲ್ಲ, ಗ್ಯಾಸು ಅಷ್ಟೆ ಎಂದಿದ್ದರು. ಆ ವಾರ ಕಾಟಮ್ಮ ಹೋಳಿಗೆ ಮಾಡಿ ತಂಗಿಗೂ ಕಳಿಸಿದ್ದಳು. ಅದು ನೆನಪಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅವಳು ಚಳ್ಳಕೆರೆಯ ಡಾಕ್ಟರ ಮುಂದೆ ಹೋಗಿ ಕೂತಳು. ಅವರು ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಅವರ ಮುಖದಲ್ಲೂ ಸ್ಪಷ್ಟವಾದದ್ದೇನೂ ಮೂಡಲಿಲ್ಲ. ಮೊದಲು ಮಾಡಿದ ಜಾಗದಲ್ಲೇ ಮತ್ತೊಮ್ಮೆ ಮಾಡಿಸಿ ಎಂದು ಬರೆದುಕೊಟ್ಟರು.

ಈ ಸಲ ಪ್ರೇಮಲತಾ ಯಾರನ್ನೂ ನಂಬಲಿಲ್ಲ. ರಾತ್ರಿಯಿಂದಲೇ ಅತ್ತೆಯ ಬೆನ್ನಿಗೆ ಬಿದ್ದಳು. ಬಸ್‌ಸ್ಟ್ಯಾಂಡಿನ ಟೀ ಅಂಗಡಿ ದಾಟುವಾಗ ಅತ್ತೆಯ ಆ ಬದಿಗೆ ತಾನೇ ಬಂದು ನಡೆದಳು. ಸ್ಕ್ಯಾನಿಂಗ್ ಸೆಂಟರಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಬೀದಿಯಲ್ಲಿ ನಿಲ್ಲುವುದಕ್ಕಿಂತ ಮಂಡಿಯಲ್ಲಿ ಕೂರೋಣ ಎಂದು ಸಿದ್ದಕ್ಕ ಹೊರಟಳು. ಅಲ್ಲಿ ಮೂರು ಟ್ರ್ಯಾಕ್ಟರ್ ಬಂದು ನಿಂತಿದ್ದವು. "ಬಂದ್ಯಾ ತಾಯಿ, ಒಂಚೂರು ನೋಡು" ಎಂದರು ಮುರುಗೇಂದ್ರಪ್ಪ. ಸೊಸೆ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು ಅತ್ತೆಯ ಹತ್ತಿರ ಟೀ ಲೋಟ ಸುಳಿಯದಂತೆ ಕಾದಳು. ಅತ್ತೆ ಚೀಲದಿಂದ ಚೀಲಕ್ಕೆ ಹೋಗಿ ಕಾಳು ನೋಡಿದಳು.

ಸ್ಕ್ಯಾನಿಂಗ್ ಮಾಡಿದ್ದು ಕಾರ್ತಿಕದಲ್ಲಿ ಮಾಡಿದ್ದ ಡಾಕ್ಟರಮ್ಮನೇ. ಖಡಕ್ಕು ಹೆಂಗಸು.

"ಮತ್ತೆ ಮುದುಡಿದೆ. ಏನು ತಿಂದ್ರಿ?"

"ಏನೂ ಇಲ್ಲ ಡಾಕ್ಟರಮ್ಮ."

"ನೋಡಿ ಅಮ್ಮಾ. ಪಿತ್ತಕೋಶ ಅಂದ್ರೆ ಒಂದು ಚೀಲ. ಹೊಟ್ಟೆ ಖಾಲಿ ಇದ್ದಾಗ ಪಿತ್ತ ತುಂಬ್ಕೊಂಡು ಉಬ್ಬಿರುತ್ತೆ, ಒಳಗಿರೋದೆಲ್ಲ ಕಾಣುತ್ತೆ. ಎಣ್ಣೆ, ಜಿಡ್ಡು ಏನಾದ್ರೂ ಒಳಗೆ ಹೋದ್ರೆ ಹಿಂಡ್ಕೊಂಡು ಖಾಲಿ ಆಗುತ್ತೆ. ಆಗ ಒಳಗಿನ ಪಾಲಿಪ್ ಹುಡುಕೋಕಾಗಲ್ಲ. ನಿಮ್ಮದು ಹಿಂಡ್ಕೊಂಡಿದೆ."

"ಮೇಡಂ, ಅತ್ತೆ ರಾತ್ರಿಯಿಂದ ನನ್ನ ಕಣ್ಣೆದುರೇ ಅದಾರೆ" ಎಂದಳು ಪ್ರೇಮಲತಾ. ಅವಳಿಗೆ ಅಳುವೇ ಬಂದಿತ್ತು.

"ಹಾಗಿದ್ರೆ ಕಾಯಿಲೆಯಿಂದಲೇ ಮುದುಡಿದೆಯಾ ನೋಡ್ಬೇಕಾಗುತ್ತೆ. ದಾವಣಗೆರೆಗೆ ಹೋಗಿ ದೊಡ್ಡ ಸ್ಕ್ಯಾನಿಂಗ್ ಮಾಡಿಸ್ಬೇಕಾಗಬಹುದು. ಹೊರಗೆ ಕೂತಿರಿ, ಡಾಕ್ಟರ ಹತ್ರ ಫೋನಲ್ಲಿ ಮಾತಾಡ್ತೀನಿ."

ಹೊರಗಿನ ಬೆಂಚಿನ ಮೇಲೆ ಸಿದ್ದಕ್ಕ ಕೂತಳು. ಕಾಯಿಲೆಯಿಂದ ಎಂಬ ಮಾತೊಂದೇ ಕಿವಿಯಲ್ಲಿ ಉಳಿದಿತ್ತು. ಮೊದಲು ಅಂಟಿಕೊಂಡಿದೆ ಎಂದರು. ಆಮೇಲೆ ಕಾಣುತ್ತಿಲ್ಲ ಎಂದರು. ಈಗ ಚೀಲವೇ ಕೆಟ್ಟಿದೆ ಎನ್ನುವಂತಿದೆ. ಕಾಟಮ್ಮನಿಗೆ ಹೀಗೇ ಆಗಿತ್ತಾ? ಕೇಳೋಣವೆಂದರೆ ಕಾಟಮ್ಮ ಇಲ್ಲ.

"ಮಂಡಿ ಸಿದ್ದಕ್ಕ ಅಲ್ಲೇನವ್ವಾ?"

ಪಕ್ಕದಲ್ಲಿ ಗೌರಸಮುದ್ರದ ಬೋರಣ್ಣ ಕೂತಿದ್ದ. ಹೆಂಡತಿಯನ್ನು ಸ್ಕ್ಯಾನಿಂಗಿಗೆ ಕರೆತಂದವನು, ಅಲ್ಲಿಂದ ಮಂಡಿಗೆ ಹೋಗುವವನಿದ್ದ. ಟವೆಲ್ಲಿನ ತುದಿಯ ಗಂಟು ಬಿಚ್ಚಿ ಒಂದು ಹಿಡಿ ಕಾಳು ಮುಂದೆ ಹಿಡಿದ.

"ಹೆಂಗೂ ಸಿಕ್ಕಿದಿ. ಒಂಚೂರು ನೋಡು ತಾಯಿ, ಬಿತ್ತನೆಗೆ ಆಗ್ತೈತಾ?"

ಅವಳ ಕೈ ತಾನಾಗಿಯೇ ಹೋಯಿತು. ಒಂದು ಕಾಳು ತೆಗೆದು ಸಿಪ್ಪೆ ಉಜ್ಜಿ ಕಡಿದಳು. ಅಗಿದು, ಇನ್ನೊಂದು ತೆಗೆದಳು. ಮೂರನೆಯದು ಹಲ್ಲಿನ ನಡುವೆ ಇದ್ದಾಗ ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದರು.

"ಏನಮ್ಮಾ ಬಾಯಲ್ಲಿ?"

"ಏನಿಲ್ಲ."

"ಅಗೀತಾ ಇದ್ದೀರಲ್ಲ!"

"ಇದಾ? ಇದು ತಿನ್ನೋದಲ್ಲ ಡಾಕ್ಟರಮ್ಮ" ಎಂದಳು ಸಿದ್ದಕ್ಕ, ಏನೂ ತಿಳಿಯದವರಿಗೆ ತಿಳಿಹೇಳುವಂತೆ. "ಕಾಳು ನೋಡ್ತಿದೀನಿ."

"ನುಂಗಲ್ವಾ?"

ಸಿದ್ದಕ್ಕ ಉತ್ತರಿಸಲು ಹೋದಳು. ಬಾಯಿ ತೆರೆದಾಗ ಬಾಯಲ್ಲಿ ಏನೂ ಇರಲಿಲ್ಲ.

ಪ್ರೇಮಲತಾ ಹಣೆಗೆ ಕೈ ಹಚ್ಚಿಕೊಂಡಳು. "ಅಯ್ಯೋ ಅತ್ತೆ! ಬೆಳಿಗ್ಗೆ ಮಂಡಿಯಾಗೆ!"

"ಬೆಳಿಗ್ಗೆ ಎಷ್ಟು ನೋಡಿದ್ರಿ?" ಡಾಕ್ಟರಮ್ಮನ ದನಿ ಈಗ ಬೇರೆಯಾಗಿತ್ತು.

"ಮೂರು ಲೋಡು."

"ಮೊಳಕಾಲ್ಮುರಿಗೆ ಹೋದ ದಿನ?"

"ಮೂರು ಮನೆ."

"ಮೊದಲ ಸಲ ಇಲ್ಲಿಗೆ ಬಂದಾಗ?"

"ಅವತ್ತೆಲ್ಲಿ, ನೀರೇ ನಿಲ್ತಿರ್ಲಿಲ್ಲ" ಎಂದು ಹೇಳಿದ ಸಿದ್ದಕ್ಕ ಅಲ್ಲಿಗೇ ನಿಲ್ಲಿಸಿದಳು.

ಡಾಕ್ಟರಮ್ಮ ನಗು ತಡೆಯಲು ನೋಡಿದರು, ಆಗಲಿಲ್ಲ. ಬೆಂಚಿನ ಮೇಲಿದ್ದ ಇಬ್ಬರು ಬಸುರಿಯರೂ ನಕ್ಕರು. ಸಿದ್ದಕ್ಕ ಮಾತ್ರ ತನ್ನ ಬೆರಳುಗಳನ್ನು ನೋಡಿಕೊಂಡಳು. ತುದಿಗೆ ಕೆಂಪು ಸಿಪ್ಪೆಯ ಪುಡಿ ಹತ್ತಿತ್ತು. ಇಷ್ಟು ವರ್ಷ ದಿನವೆಲ್ಲ ತಿನ್ನುತ್ತಲೇ ಇದ್ದೆನೇ? ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಹಸಿವಿಲ್ಲ ಎಂದು ಅರ್ಧ ಮುದ್ದೆಯನ್ನು ವಾಪಸ್ ಒಯ್ಯುತ್ತಿದ್ದದ್ದು ಇದಕ್ಕಾಗಿಯೇ?

"ಹಂಗಾದ್ರೆ ನನ್ನ ಬೀಜ ಆಗ್ತೈತೋ ಇಲ್ವೋ?" ಬೋರಣ್ಣ ಇನ್ನೂ ಟವೆಲ್ಲು ಹಿಡಿದೇ ಇದ್ದ.

"ಎಣ್ಣೆಗೆ" ಎಂದಳು ಸಿದ್ದಕ್ಕ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದರು. ಮಂಡಿಯ ಬೀದಿ ತಪ್ಪಿಸಿ ಸುತ್ತಿ ನಡೆದರು. ಪ್ರೇಮಲತಾ ಅತ್ತೆಯ ಎರಡೂ ಕೈ ಹಿಡಿದು ಬೆಂಚಿನ ಮೇಲೆ ಕೂತಿದ್ದಳು.

ಪಿತ್ತಕೋಶ ಇತ್ತು. ಡಾಕ್ಟರಮ್ಮ ಪರದೆಯನ್ನು ಇವರ ಕಡೆ ತಿರುಗಿಸಿದರು. ಬೂದು ಬಣ್ಣದ ನಡುವೆ ಪುಟ್ಟ ಸೋರೆಬುರುಡೆಯಂತೆ ಕಪ್ಪಗೆ ಒಂದು ಚೀಲ. ಅದರ ಅಂಚಿಗೆ ಒಂದು ಬಿಳಿ ಚುಕ್ಕೆ. ಎಡಕ್ಕೆ ತಿರುಗಿದರೂ ಅಲ್ಲೇ, ಎದ್ದು ಕೂತರೂ ಅಲ್ಲೇ. ಕರಗಿರಲಿಲ್ಲ, ಜಾರಿರಲಿಲ್ಲ.

"ಆರೂವರೆ."

"ಅರ್ಧ ಕಮ್ಮಿ ಆಯ್ತಾ?"

"ಇಲ್ಲ, ಅಳತೇಲಿ ಅಷ್ಟು ಆಚೆ ಈಚೆ ಆಗುತ್ತೆ. ಬೆಳೆದಿಲ್ಲ ಅಂತ ತಿಳ್ಕೊಳ್ಳಿ."

ಕಡಿಮೆಯೂ ಆಗಿಲ್ಲ, ಹೆಚ್ಚೂ ಆಗಿಲ್ಲ, ಅಳತೆ ಮಾತ್ರ ಬೇರೆ. ಈ ಹೊಸ ಗೊಂದಲವನ್ನೂ ಸೆರಗಿಗೆ ಕಟ್ಟಿಕೊಂಡು ಸಿದ್ದಕ್ಕ ಹಳೆಯ ಡಾಕ್ಟರ ಮುಂದೆ ಕೂತಳು. ಅವರು ಸೊಪ್ಪಿನ ರಸದ ವಿಷಯ ಕೇಳಿ ಮೊದಲು ಅದನ್ನು ನಿಲ್ಲಿಸಲು ಹೇಳಿದರು. ಆಮೇಲೆ, ಇನ್ನಾರು ತಿಂಗಳಿಗೆ ಮತ್ತೊಮ್ಮೆ, ಅದಾದ ಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಎಂದರು. ಎರಡು ಮಿಲಿಮೀಟರ್ ಬೆಳೆದರೆ ಮತ್ತೆ ಕೂತು ಯೋಚಿಸುವುದು, ಹತ್ತು ಮುಟ್ಟಿದರೆ ತೆಗೆಯುವುದು.

"ಈಗಲೇ ತೆಗೆದ್ರೆ ತಪ್ಪಾ?"

"ತಪ್ಪಲ್ಲ. ಬೇಕು ಅಂದ್ರೆ ದಾವಣಗೆರೆಗೆ ಚೀಟಿ ಬರೆದುಕೊಡ್ತೀನಿ. ಅದು ಇಲ್ದೆನೂ ಬದುಕಬಹುದು. ಆದ್ರೆ ಆಪರೇಷನ್ ಅಂದ್ರೆ ಅದಕ್ಕೂ ಅದರದ್ದೇ ತೊಂದರೆ ಇರ್ತವೆ. ನೀವು ಹೇಳಿ."

"ನೀವೇ ಹೇಳ್ರಿ ಸ್ವಾಮಿ. ನಮ್ಮಕ್ಕ ಇದ್ರಾಗೇ ಹೋದ್ಳು."

"ಪಿತ್ತಕೋಶದ್ದೇ?"

"ಯಾವುದೋ. ಹೊಟ್ಟೇದು."

"ಅವ್ರಿಗೆ ಎಷ್ಟು ಸಲ ಸ್ಕ್ಯಾನಿಂಗ್ ಮಾಡಿದ್ರು?"

"ಸ್ಕ್ಯಾನಿಂಗಾ?" ಸಿದ್ದಕ್ಕನಿಗೆ ಪ್ರಶ್ನೆಯೇ ವಿಚಿತ್ರ ಎನಿಸಿತು. "ಒಂದೂ ಇಲ್ಲ. ಎಲ್ರೂ ನೋಡೋಣ ನೋಡೋಣ ಅಂದ್ರು. ಯಾರೂ ನೋಡ್ಲಿಲ್ಲ."

ಡಾಕ್ಟರು ಚೀಟಿಯ ಪುಸ್ತಕ ಮುಂದಿಟ್ಟುಕೊಂಡು ಕಾದರು. ಸಿದ್ದಕ್ಕ ತಾನಾಡಿದ ಮಾತನ್ನು ತಾನೇ ಇನ್ನೊಮ್ಮೆ ಕೇಳಿಸಿಕೊಂಡಳು. ಪೂರ್ತಿ ತಿಳಿಯಿತು ಎಂದಲ್ಲ. ಆದರೆ ಪರದೆಯ ಮೇಲಿನ ಬಿಳಿ ಚುಕ್ಕೆಯನ್ನು ಅವಳು ಕಣ್ಣಾರೆ ಕಂಡಿದ್ದಳು. ಕಾಟಮ್ಮನ ಹೊಟ್ಟೆಯೊಳಗಿನದನ್ನು, ಹಬ್ಬಿ ಮುಗಿಯುವವರೆಗೆ, ಒಬ್ಬರೂ ಕಂಡಿರಲಿಲ್ಲ.

"ಚೀಟಿ ಬ್ಯಾಡ್ರಿ" ಎಂದಳು. "ಕಾರ್ತಿಕಕ್ಕೆ ಬರ್ತೀನಿ. ಅವತ್ತು ಸರಿಯಾಗಿ ನೋಡ್ಬೇಕು ನೀವು."

"ಹಿಂದಿನ ದಿನದಿಂದ ಮಂಡಿಗೆ ಬಿಡಲ್ಲ ಸಾರ್" ಎಂದಳು ಪ್ರೇಮಲತಾ.

ಮಾರನೆಯ ದಿನ ಗೋಣಿಚೀಲದ ಮೇಲೆ ಸಿದ್ದಕ್ಕ ಕೂತಿದ್ದಳು. ಮುರುಗೇಂದ್ರಪ್ಪ ಕನ್ನಡಕ ಹಣೆಗೇರಿಸಿ ಬಂದರು.

"ಏನಂತೆ?"

"ಐತಂತೆ."

"ತೆಗೀಬೇಕಂತಾ?"

"ಈಗ ಬ್ಯಾಡಂತೆ."

"ಮತ್ತೆ ಔಷಧಿ?"

"ಇಲ್ಲಂತೆ. ಇರ್ಲಿ ಅಂತೆ. ನೋಡ್ತಾ ಇರ್ಬೇಕಂತೆ."

"ಇದೆಂಥ ವೈದ್ಯ ಮಾರಾಯ್ತಿ?"

"ನಂಗೂ ಸರಿಯಾಗಿ ತಿಳೀಲಿಲ್ಲ ಸಾವ್ಕಾರ್ರೇ. ತಿಳಿದ್ರೆ ನಿಮಗೂ ಹೇಳ್ತೀನಿ."

ಅವರು ತಲೆ ಕೊಡವುತ್ತ ಗಲ್ಲಾಪೆಟ್ಟಿಗೆಯ ಕಡೆ ಹೋದರು. ಸಿದ್ದಕ್ಕ ಕಾಳಿಗೆ ಕೈ ಹಾಕಿದಳು. ಬಿತ್ತನೆಗೆ, ಬಿತ್ತನೆಗೆ, ಎಣ್ಣೆಗೆ. ಒಂದು ಕಾಳು ಬೆರಳಲ್ಲೇ ನಿಂತಿತು. ಮೈ ತುಂಬಿತ್ತು, ಆದರೆ ಮೂತಿಯ ಹತ್ತಿರ ಒಂದು ಸಣ್ಣ ಮಚ್ಚೆ. ಕಡಿದು ನೋಡಲು ಬಾಯಿಯವರೆಗೆ ತಂದು ತಡೆದಳು. ಬೇರೆ ದಿನವಾಗಿದ್ದರೆ ಅದು ಎಣ್ಣೆಯ ಮೊರದಲ್ಲಿರುತ್ತಿತ್ತು. ಇವತ್ತು ಅದನ್ನು ಮೊಣಕಾಲಿನ ಪಕ್ಕ, ಗೋಣಿಚೀಲದ ಮಡಿಕೆಯ ಮೇಲೆ ಇಟ್ಟಳು.

ಸಂಜೆ ಬಸ್ಸಿಗೆ ಏಳುವಾಗಲೂ ಅದು ಅಲ್ಲೇ ಇತ್ತು. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಯಾವ ಮೊರಕ್ಕೆಂದು ಆಗಲೂ ಹೊಳೆಯಲಿಲ್ಲ. ಇದ್ದಲ್ಲೇ ಮತ್ತೆ ಇಟ್ಟು, ಮೇಲೆ ಒಂದು ಖಾಲಿ ಮೊರ ಬೋರಲು ಹಾಕಿ ಹೊರಟಳು.